ದೀಪಾವಳಿಯಿಂದ ಪತ್ತನಾಜೆವರೆಗೆ: ಬಾವಲಿಗಳಿಗೊಂದು ದತ್ತು

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಊರೊಂದರ ವಾಚನಾಲಯದಲ್ಲಿ ಅಕ್ಟೋಬರಿನ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಅಜ್ಜನ ಕಾಲದ ಒಂದು ಸುರಂಗವಿದೆ. ಸುರಂಗ ಎಂದರೇನೆಂದು ಈ ಊರಿನಲ್ಲಿ ನಿಂತು ಹೇಳಬೇಕಾಗಿಲ್ಲ. ಇಲ್ಲಿ ಕುಳಿತವರಲ್ಲಿ ಬಹಳ ಜನ ಸುರಂಗದ ನೀರು ಕುಡಿದೇ ಬೆಳೆದವರು. ಮುರಕಲ್ಲನ್ನು ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆಯುತ್ತ, ಮೇಣದ ಬತ್ತಿಯ ಬೆಳಕಿನಲ್ಲಿ ಗುಡ್ಡೆಯ ಹೊಟ್ಟೆಯೊಳಗೆ ಹೋಗಿ ಒರತೆಯನ್ನು ಹುಡುಕಿದ ಆಳುಗಳ ಋಣ ನಮ್ಮೆಲ್ಲರ ಮೇಲಿದೆ. ನಮ್ಮ ಸುರಂಗದೊಳಗೆ ನೀರು ಇದ್ದ ಹಾಗೆಯೇ ಬಾವಲಿಗಳೂ ಇದ್ದವು. ಅಜ್ಜ ಅವುಗಳ ಬಗ್ಗೆ ಒಂದು ಮಾತೂ ಆಡಿದ್ದು ನನಗೆ ನೆನಪಿಲ್ಲ. ಇದ್ದವು, ಅಷ್ಟೆ.

ನನಗೆ ಮೂವತ್ತರ ಹತ್ತಿರ ಪ್ರಾಯವಾಗಿದ್ದಾಗ, ಒಂದು ಬಿಸು ಹಬ್ಬದ ಮುನ್ನಾದಿನ, ಮನೆಗೆ ನೆಂಟರು ಬರುವವರಿದ್ದರು. ನೀರು ಬೀಳುವ ದಂಬೆಯ ಬುಡದಲ್ಲಿ ಬಾವಲಿಯ ಹಿಕ್ಕೆ ಕಂಡಿತು. ನನಗೆ ಹೇಸಿಗೆಯಾಯಿತು. ಪೇಟೆಯಿಂದ ತಂದಿಟ್ಟಿದ್ದ ನೈಲಾನ್ ಬಲೆಯ ತುಂಡೊಂದನ್ನು ಹಗಲಿನಲ್ಲೇ ಸುರಂಗದ ಬಾಯಿಗೆ ಬಿಗಿದು ಕಟ್ಟಿದೆ. ಬಾವಲಿಗಳು ಹಗಲು ಒಳಗೇ ಮಲಗಿರುತ್ತವೆ, ಸಂಜೆ ಹೊರಗೆ ಬರಲೇಬೇಕು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಮರುದಿನ ಕಣಿ ನೋಡಿ, ನೀರಿಗೆಂದು ಹೋದರೆ ಬಲೆಯ ತುಂಬ ಅವು. ರೆಕ್ಕೆಯ ತೊಗಲು ಹರಿದು, ದಾರ ಕತ್ತಿಗೆ ಸುತ್ತಿ, ಎಲ್ಲ ಸತ್ತಿದ್ದವು. ಒಂದರ ಎದೆಗೆ ಮಾತ್ರ ಹೆಬ್ಬೆರಳ ಗಾತ್ರದ ಮರಿಯೊಂದು ಬಾಯಿ ಕಚ್ಚಿಕೊಂಡು ಜೀವದಿಂದಿತ್ತು. ಏನು ಮಾಡಬೇಕೆಂದು ತಿಳಿಯಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅದೂ ಹೋಯಿತು.

ಆ ಬಲೆಯನ್ನು ಕಟ್ಟಿದ ಕೈ ಇದು. ನಾನಿವತ್ತು ಇಲ್ಲಿ ನಿಂತಿರುವುದಕ್ಕೆ ಬೇರೆ ಯಾವ ಅರ್ಹತೆಯೂ ಇಲ್ಲ. ಅಂದಿನಿಂದ ಓದಿದೆ, ತಿಳಿದವರ ಹಿಂದೆ ನಡೆದೆ, ಸಂಜೆ ಸಂಜೆ ಮರದಡಿ ನಿಂತು ಎಣಿಸಿದೆ. ಈ ವರ್ಷ ನಿಮ್ಮೆಲ್ಲರ ಮುಂದೆ ಒಂದು ಕೋರಿಕೆ ಇಡಬೇಕೆಂದು ಬಂದಿದ್ದೇನೆ. ಬರುವ ದೀಪಾವಳಿಯಿಂದ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ, ಅಂದರೆ ಯಕ್ಷಗಾನ ಆಟದ ಮೇಳಗಳು ತಿರುಗಾಟದಲ್ಲಿರುವ ಅಷ್ಟೂ ತಿಂಗಳು, ನಮ್ಮ ಊರುಗಳ ಬಾವಲಿಗಳನ್ನು ಸಾಂಕೇತಿಕವಾಗಿ ದತ್ತು ತೆಗೆದುಕೊಳ್ಳುವ ಒಂದು ನಿಧಿಯನ್ನು ಆರಂಭಿಸೋಣ.

ಸಾಂಕೇತಿಕ ದತ್ತು ಎಂಬುದು ಹೊಸತಲ್ಲ. ಅಮೆರಿಕ, ಬ್ರಿಟನ್‌ಗಳಲ್ಲಿ ಬಾವಲಿ ಸಂರಕ್ಷಣೆಯ ಸಂಸ್ಥೆಗಳು ಬಹಳ ವರ್ಷಗಳಿಂದ ಇದನ್ನು ನಡೆಸುತ್ತ ಬಂದಿವೆ. ಅಕ್ಟೋಬರ್ ಕೊನೆಗೆ ಅವರಲ್ಲಿ ಹ್ಯಾಲೋವೀನ್ ಎಂಬ ಹಬ್ಬ. ಅಂಗಡಿ, ಮನೆಬಾಗಿಲು, ಎಲ್ಲ ಕಡೆ ಕಾಗದದ ಬಾವಲಿ ತೂಗುತ್ತಿರುತ್ತದೆ. ಜನರ ಕಣ್ಣಿಗೆ ಬಾವಲಿ ಬೀಳುವ ಆ ಒಂದು ಹೊತ್ತನ್ನೇ ಹಿಡಿದು ಅವರು ಕೇಳುತ್ತಾರೆ: ಇಷ್ಟು ಹಣ ಕೊಡಿ, ಒಂದು ಬಾವಲಿ ನಿಮ್ಮ ಹೆಸರಿನಲ್ಲಿ. ಕೊಟ್ಟವರಿಗೆ ಒಂದು ಪ್ರಮಾಣಪತ್ರ, ಒಂದು ಚಿತ್ರ, ಆ ಜಾತಿಯ ಬಗ್ಗೆ ನಾಲ್ಕು ಸಾಲು, ಮಕ್ಕಳಿದ್ದರೆ ಬಟ್ಟೆಯ ಗೊಂಬೆ. ಬಾವಲಿಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಹಣ ಗುಹೆಗಳ ರಕ್ಷಣೆಗೆ, ಗಾಯಗೊಂಡವುಗಳ ಶುಶ್ರೂಷೆಗೆ ಹೋಗುತ್ತದೆ. ನಮ್ಮ ಮೈಸೂರು ಮೃಗಾಲಯದಲ್ಲೂ ಪ್ರಾಣಿಗಳನ್ನು ದತ್ತು ಕೊಡುವ ಪದ್ಧತಿಯುಂಟು. ನಿಮ್ಮಲ್ಲಿ ಕೆಲವರು ಅಲ್ಲಿ ಬೋನಿನ ಮುಂದೆ ದತ್ತು ಪಡೆದವರ ಹೆಸರಿನ ಫಲಕವನ್ನು ನೋಡಿರಬಹುದು.

ಅಮೆರಿಕದ ಟೆಕ್ಸಾಸಿನಲ್ಲಿ ಬ್ರಾಕನ್ ಎಂಬ ಗುಹೆಯಿದೆ. ಬೇಸಿಗೆಯಲ್ಲಿ ಅಲ್ಲಿ ಒಂದೂವರೆ ಕೋಟಿಗೂ ಮಿಕ್ಕಿ ಬಾವಲಿಗಳು ಸೇರುತ್ತವೆ. ಅದರ ಪಕ್ಕದಲ್ಲೇ ಸಾವಿರಾರು ಮನೆಗಳ ಬಡಾವಣೆ ಏಳುವುದರಲ್ಲಿತ್ತು. 2014ರಲ್ಲಿ ಸ್ಯಾನ್ ಆಂಟೋನಿಯೊ ನಗರಾಡಳಿತ, ಸಂರಕ್ಷಣಾ ಸಂಸ್ಥೆಗಳು, ದಾನಿಗಳು ಎಲ್ಲ ಸೇರಿ 1,500 ಎಕರೆಗೂ ಹೆಚ್ಚಿನ ಆ ಜಾಗವನ್ನು ಸುಮಾರು 2 ಕೋಟಿ ಡಾಲರ್ ಕೊಟ್ಟು ಕೊಂಡು ಹಾಗೇ ಬಿಟ್ಟುಬಿಟ್ಟರು. ನಮಗೆ ಅಷ್ಟು ದೊಡ್ಡ ಲೆಕ್ಕ ಬೇಡ. ನಮ್ಮದು ಸುರಂಗದ ಲೆಕ್ಕ, ಒಂದು ಆಲದ ಮರದ ಲೆಕ್ಕ.

ಇಷ್ಟು ಹೇಳಿದ ಮೇಲೂ ‘ದತ್ತು’ ಎಂಬ ಮಾತು ಕೆಲವರಿಗೆ ಪರಕೀಯ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಶಾಶ್ವತ ಪೂಜೆಗೆ ಹಣ ಕಟ್ಟುತ್ತೇವಲ್ಲ, ಅದು ಏನು? ತೀರಿಕೊಂಡ ಅಮ್ಮನ ಹೆಸರಿನಲ್ಲಿ ವರ್ಷಕ್ಕೊಂದು ದಿನ ಪೂಜೆ. ಕಟ್ಟಿದ ಹಣ ಮೂಲನಿಧಿಗೆ ಸೇರುತ್ತದೆ. ಅದರಿಂದ ಮಾಡಿನ ಹಂಚೂ ಬದಲಾಗುತ್ತದೆ, ಪರಿಚಾರಕನ ಸಂಬಳವೂ ಆಗುತ್ತದೆ. ಪೂಜೆಯ ದಿನ ಮನೆಗೆ ಪ್ರಸಾದ ಬರುತ್ತದೆ. ನಂದಾದೀಪಕ್ಕೆ ಎಣ್ಣೆ ಕೊಟ್ಟವರು ದೀಪವನ್ನು ಮನೆಗೆ ತರುವುದಿಲ್ಲ. ಅಲ್ಲಿ ಉರಿಯುತ್ತಿದೆ, ಅದರಲ್ಲಿ ನನ್ನದೊಂದು ಪಾಲಿದೆ ಎಂಬ ಸಮಾಧಾನವನ್ನು ಮಾತ್ರ ತರುತ್ತಾರೆ. ಬಾವಲಿಯ ದತ್ತು ಈ ಜಾತಿಯ ಕೆಲಸ.

ಇನ್ನು ಹೆಸರಿನ ವಿಷಯ. ಅನಂತಪುರದ ಸರೋವರ ಕ್ಷೇತ್ರದ ಬಬಿಯಾ ಮೊಸಳೆಯನ್ನು ನೀವೆಲ್ಲ ಬಲ್ಲಿರಿ. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಕುಂಬಳೆಯ ಕಡೆಗೆ ಜನ ಹರಿದು ಬಂದರು. ಹೂ ಹಾಕಿದರು, ಅತ್ತರು. ಮೊಸಳೆ ಎಂದರೆ ಹೆದರಿ ಹೊಳೆಗಿಳಿಯದ ಜನ ನಾವು. ಬಬಿಯಾ ಎಂದರೆ ಮಾತ್ರ ಮಕ್ಕಳನ್ನು ಎತ್ತಿ ತೋರಿಸಿದೆವು. ಪ್ರಾಣಿ ಅದೇ, ಹೆಸರೊಂದು ಸೇರಿತು. ಬಾವಲಿಗೆ ಆ ಭಾಗ್ಯ ಸಿಗಲಿಲ್ಲ. ಕನ್ನಡದಲ್ಲಿ ತೊಗಲುಬಾವಲಿ, ಮಲೆಯಾಳದಲ್ಲಿ ವವ್ವಾಲ್, ಆಮೇಲೆ ಮಾತು ಮುಗಿಯಿತು. ಅದರೊಳಗೆ ನೂರಾರು ಬಗೆ ಇದೆ ಎಂದು ಕೂಡ ನಾವು ಮಕ್ಕಳಿಗೆ ಹೇಳಿಕೊಡಲಿಲ್ಲ. ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಜಾತಿಗಳಿವೆ, ನಮ್ಮ ದೇಶದಲ್ಲೇ 120ಕ್ಕೂ ಹೆಚ್ಚು.

ಇಲ್ಲೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ತಮಿಳುನಾಡಿನ ತೇನಿ ಜಿಲ್ಲೆಯ ಎತ್ತರದ ಬೆಟ್ಟಗಳಲ್ಲಿ 1948ರಲ್ಲಿ ಒಂದು ಹಣ್ಣುಬಾವಲಿ ಸಿಕ್ಕಿತು. ಅದನ್ನು ಬೇರೊಂದು ಸಾಮಾನ್ಯ ಜಾತಿಯೆಂದೇ ತಿಳಿದು ಮುಂಬಯಿಯ ಸಂಗ್ರಹಾಲಯದಲ್ಲಿ ಇಟ್ಟುಬಿಟ್ಟರು. 24 ವರ್ಷ ಹಾಗೇ ಕುಳಿತಿತ್ತು. 1972ರಲ್ಲಿ ಥಾಯ್ಲೆಂಡಿನ ಕಿಟ್ಟಿ ಥಾಂಗ್ಲಾಂಗ್ಯಾ ಎಂಬ ವಿಜ್ಞಾನಿ ಅದನ್ನು ಕೈಗೆತ್ತಿಕೊಂಡು ನೋಡಿ, ಇದು ಹೊಸ ಜಾತಿ ಮಾತ್ರವಲ್ಲ, ಹೊಸ ಕುಲವೇ ಎಂದು ತೋರಿಸಿ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿಟ್ಟರು. ಕಾನೂನಿನಲ್ಲಿ ಅತ್ಯುನ್ನತ ರಕ್ಷಣೆ ಸಿಕ್ಕಿದ ಬೆರಳೆಣಿಕೆಯ ಬಾವಲಿಗಳಲ್ಲಿ ಅದೂ ಒಂದು. ಉಳಿದ ಹಣ್ಣುಬಾವಲಿಗಳ ಗತಿ ಏನಾಗಿತ್ತು ಗೊತ್ತೆ? 1972ರ ವನ್ಯಜೀವಿ ಕಾಯಿದೆಯ ಐದನೆಯ ಪರಿಚ್ಛೇದದಲ್ಲಿ ಇಲಿ, ಹೆಗ್ಗಣ, ಕಾಗೆಗಳ ಜೊತೆ ಅವನ್ನೂ ಪೀಡಕ ಎಂದು ಬರೆದಿಟ್ಟಿದ್ದರು. ಯಾರು ಕೊಂದರೂ ಕೇಳುವವರಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪರಿಚ್ಛೇದವೇ ಹೋಯಿತು. ಐವತ್ತು ವರ್ಷ ಹಿಡಿಯಿತು. ಕೋಲಾರದ ಹನುಮನಹಳ್ಳಿಯ ಎಲೆಮೂಗಿನ ಬಾವಲಿಗಂತೂ ಜಗತ್ತಿನಲ್ಲಿ ಇರುವುದು ಒಂದೇ ನೆಲೆ. ಗುಹೆಯ ಸುತ್ತ ಕಲ್ಲು ಒಡೆದು ಒಡೆದು, ಈಗ ಇನ್ನೂರಕ್ಕಿಂತ ಕಡಿಮೆ ಉಳಿದಿವೆ. ಅದು ವಿಜ್ಞಾನದ ಪುಸ್ತಕಕ್ಕೆ ಸೇರಿದ್ದೇ 1994ರಲ್ಲಿ.

ನಮ್ಮ ಊರಿಗೆ ಬರೋಣ. ನಮ್ಮ ಸುತ್ತ ಮುಖ್ಯವಾಗಿ ಮೂರು ಬಗೆಯ ಬಾಳ್ವೆ ನಡೆಸುವ ಬಾವಲಿಗಳಿವೆ. ಬನದ, ದೇವಸ್ಥಾನದ ದೊಡ್ಡ ಮರಗಳಲ್ಲಿ ಹಗಲೆಲ್ಲ ತೂಗುತ್ತ ಜಗಳವಾಡುವವು ದೊಡ್ಡ ಹಣ್ಣುಬಾವಲಿಗಳು. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದಕ್ಕೆ ನಾಲ್ಕು ಅಡಿಯಷ್ಟಾಗುತ್ತದೆ. ಮುಖ ನೋಡಿದರೆ ನಾಯಿಮರಿಯ ಹಾಗೆ, ಕಣ್ಣು ದೊಡ್ಡದು. ಬಾವಲಿಗೆ ಕಣ್ಣು ಕಾಣುವುದಿಲ್ಲ ಎಂಬುದು ಸುಳ್ಳು. ಇವು ಕಣ್ಣು, ಮೂಗುಗಳ ಬಲದಿಂದಲೇ ಹಣ್ಣನ್ನು ಹುಡುಕುವವು. ಎರಡನೆಯದು, ನಮ್ಮ ಬಾಳೆಗೊನೆ, ಪೇರಳೆಗಳಿಗೆ ಬರುವ ಸಣ್ಣ ಹಣ್ಣುಬಾವಲಿ. ಇದರ ಗಂಡು ಬೈನೆ ಮರದ ಹೂಗೊನೆಯ ಒಳಗಿನ ಎಳೆಗಳನ್ನು ಹಲ್ಲಿನಿಂದ ಕಡಿದು ಕಡಿದು ಗಂಟೆಯಾಕಾರದ ಗೂಡು ಮಾಡಿ ಹೆಣ್ಣುಗಳನ್ನು ಕರೆಯುತ್ತದೆ. ನಾನಿದನ್ನು ಮೊದಲು ಕಂಡದ್ದು ನಮ್ಮದೇ ತೋಟದ ಬೇಲಿಯ ಬೈನೆಯಲ್ಲಿ. ಅದಕ್ಕೆ ಮೊದಲು ಎಷ್ಟು ವರ್ಷ ಅದರಡಿ ನಡೆದಿದ್ದೆನೋ. ಮೂರನೆಯದು ಸುರಂಗದ, ಹಳೆ ಮಾಳಿಗೆಯ, ಹಂಚಿನ ಸಂದಿನ ಸಣ್ಣ ಬಾವಲಿಗಳು. ಇವು ಹಣ್ಣು ಮುಟ್ಟುವುದಿಲ್ಲ. ನಮ್ಮ ಕಿವಿಗೆ ಕೇಳಿಸದ ಸ್ವರ ಹೊರಡಿಸಿ, ಅದರ ಮಾರ್ದನಿಯಿಂದ ಹುಳುವನ್ನು ಹಿಡಿದು ತಿನ್ನುತ್ತವೆ.

ಹಣ್ಣಡಕೆಯ ಕಾಲದಲ್ಲಿ ಬಾವಲಿ ಚೀಪಿ ಹಾಕಿದ ಅಡಕೆಯನ್ನು ಹೆಕ್ಕಲು ನಾವೆಲ್ಲ ಬೆಳಗ್ಗೆ ಬೇಗ ಓಡಿದವರೇ. ಬಾವಲಿಗೆ ಬೇಕಾದದ್ದು ಸಿಪ್ಪೆಯ ಸಿಹಿರಸ. ಬೀಜ ಅದಕ್ಕೆ ಬೇಡ. ಗೇರಿನಲ್ಲೂ ಹಾಗೆಯೇ, ಹಣ್ಣು ಅದಕ್ಕೆ, ಬೀಜ ನಮಗೆ. ಹೊನ್ನೆಕಾಯಿಯ ಎಣ್ಣೆಯಿಂದ ದೀಪ ಉರಿಸಿದ ಕಾಲದಲ್ಲಿ ಆ ಕಾಯಿಯನ್ನೂ ಬಾವಲಿ ಉದುರಿಸಿದಲ್ಲೇ ಆರಿಸುತ್ತಿದ್ದರು ಎಂದು ನನ್ನ ಅಜ್ಜಿ ಹೇಳಿದ್ದುಂಟು. ಕೇರಳದ ಹಳ್ಳಿಗಳಲ್ಲಿ ಜನರನ್ನು ಕೇಳಿ ಮಾಡಿದ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಮೂರು ಹೆಸರು ಬಂದದ್ದನ್ನು ಓದಿದಾಗ ನನಗೆ ಅಜ್ಜಿಯ ಸ್ವರವೇ ಕೇಳಿದ ಹಾಗಾಯಿತು: ಗೇರು, ಅಡಕೆ, ಹೊನ್ನೆ. ನಷ್ಟ ಇಲ್ಲವೇ ಎಂದು ಕೇಳಿದರೆ, ಇದೆ. ಚಿಕ್ಕು, ರಂಬುಟಾನ್ ಬೆಳೆದವರಿಗೆ ನಷ್ಟ ನಿಜ. ಅದನ್ನು ಇಲ್ಲವೆನ್ನುವವರ ಜೊತೆ ನಾನಿಲ್ಲ. ಅದಕ್ಕೆ ನಿಧಿಯಲ್ಲಿ ಒಂದು ದಾರಿ ಇಟ್ಟಿದ್ದೇನೆ, ಆಮೇಲೆ ಹೇಳುತ್ತೇನೆ. ಆದರೆ ಆಲ, ಅತ್ತಿ, ನೇರಳೆ, ರಂಜೆ ಇವುಗಳ ಬೀಜ ನಮ್ಮ ಗುಡ್ಡೆಗಳ ತಲೆಗೆ ಹೇಗೆ ಹತ್ತಿತು? ಯಾರೂ ಬುಟ್ಟಿಯಲ್ಲಿ ಹೊತ್ತು ಹಾಕಲಿಲ್ಲ.

ಈಗ ನಾನು ಹೇಳುವ ಮಾತು ಈ ಜಿಲ್ಲೆಗೆ ಸೇರಿದ್ದು. ದಯವಿಟ್ಟು ಗಮನವಿಟ್ಟು ಕೇಳಿ.

1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಟೀ ಸೊಳ್ಳೆ ಎಂಬ ಒಂದು ಕೀಟವನ್ನು ಕೊಲ್ಲಲು. ಪಡ್ರೆ, ಎಣ್ಮಕಜೆ, ಮುಳಿಯಾರು, ಈ ಹೆಸರುಗಳನ್ನು ಉಚ್ಚರಿಸಿದರೆ ಸಾಕು, ನಿಮ್ಮ ಕಣ್ಣ ಮುಂದೆ ಆ ವಿಷಕ್ಕೆ ತುತ್ತಾದ ಮಕ್ಕಳ ಮುಖಗಳು ಬರುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಕೀಟನಾಶಕದ ಬೆಲೆ ಏನೆಂದು ಬೇರೆ ಜಿಲ್ಲೆಯವರು ಪುಸ್ತಕದಲ್ಲಿ ಓದುತ್ತಾರೆ, ನಾವು ನೆರೆಮನೆಯಲ್ಲಿ ಕಂಡಿದ್ದೇವೆ.

ಅಮೆರಿಕದಲ್ಲಿ 2006ರ ಚಳಿಗಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಬಾವಲಿಗಳ ಮೂಗಿಗೆ ಬಿಳಿಯ ಬೂಷ್ಟು ಹಿಡಿದದ್ದು ಕಂಡಿತು. ಚಳಿನಿದ್ದೆಯಲ್ಲಿರುವ ಬಾವಲಿಗಳನ್ನು ಆ ಶಿಲೀಂಧ್ರ ಎಬ್ಬಿಸಿ ಎಬ್ಬಿಸಿ, ಮೈಯ ಕೊಬ್ಬು ಮುಗಿಸಿ ಕೊಂದಿತು. ಲಕ್ಷ ಲಕ್ಷ ಸತ್ತವು. ಮುಂದೆ ಏನಾಯಿತೆಂಬ ಲೆಕ್ಕವನ್ನು 2024ರಲ್ಲಿ ಎಯಾಲ್ ಫ್ರಾಂಕ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದರು. ಬಾವಲಿ ಸತ್ತ ಜಿಲ್ಲೆಗಳಲ್ಲಿ ಹುಳ ತಿನ್ನುವವರಿಲ್ಲದೆ ರೈತರು ಕೀಟನಾಶಕದ ಬಳಕೆಯನ್ನು ಶೇಕಡಾ 31ರಷ್ಟು ಹೆಚ್ಚಿಸಿದ್ದರು. ಅದೇ ಜಿಲ್ಲೆಗಳಲ್ಲಿ ಶಿಶುಮರಣ ಶೇಕಡಾ 8ರ ಹತ್ತಿರ ಏರಿತ್ತು. ಬಾವಲಿ ಉಳಿದ ಜಿಲ್ಲೆಗಳಲ್ಲಿ ಆ ಏರಿಕೆ ಇರಲಿಲ್ಲ.

ನಾನು ಇದನ್ನು ಓದಿದ ರಾತ್ರಿ ನಿದ್ದೆ ಮಾಡಲಿಲ್ಲ. ಬಾವಲಿ ಹೋದರೆ ಕೀಟದ ಔಷಧಿ ಬರುತ್ತದೆ, ಔಷಧಿ ಬಂದರೆ ಮೊದಲು ತಾಗುವುದು ತೊಟ್ಟಿಲಿಗೆ. ನಮ್ಮ ಗೇರಿನ ಕೀಟವನ್ನು ನಮ್ಮ ಬಾವಲಿ ತಿನ್ನುತ್ತದೆಯೇ ಎಂದು ಕೇಳಿದರೆ, ಹಾಗೆ ನಾನು ಹೇಳುತ್ತಿಲ್ಲ. ಸುರಂಗದ ಬಾವಲಿ ರಾತ್ರಿಯಿಡೀ ನಮ್ಮ ಗದ್ದೆ ತೋಟಗಳ ಮೇಲೆ ಹಾರಿ ಹುಳ ಹಿಡಿಯುತ್ತದೆ, ಅದರ ಕೂಲಿಯನ್ನು ನಾವು ಈವರೆಗೆ ಕೊಟ್ಟಿಲ್ಲ. ಇಷ್ಟೇ ನಾನು ಹೇಳುವುದು.

ಇನ್ನು ನಿಪಾ. ನೀವು ಕೇಳದಿದ್ದರೂ ನಾನು ಹೇಳಲೇಬೇಕು. 2018ರಲ್ಲಿ ಕೋಯಿಕ್ಕೋಡು, ಮಲಪ್ಪುರಂಗಳಲ್ಲಿ 17 ಜನ ತೀರಿಕೊಂಡರು. ಆಮೇಲೂ ಕೇರಳದಲ್ಲಿ ಅದು ಮರಳಿ ಮರಳಿ ಬಂದಿದೆ. ಆ ವೈರಸ್ಸಿನ ನೈಸರ್ಗಿಕ ನೆಲೆ ದೊಡ್ಡ ಹಣ್ಣುಬಾವಲಿ ಎಂಬುದು ನಿಜ. ಅದನ್ನು ಮುಚ್ಚಿಟ್ಟು ಬಾವಲಿ ಪ್ರೀತಿ ಮಾಡಿ ಎಂದರೆ ನಾನು ನಿಮಗೆ ದ್ರೋಹ ಬಗೆದ ಹಾಗೆ. ಆದ್ದರಿಂದ ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬೇಡಿ, ಮಕ್ಕಳಿಗೆ ಕೊಡಬೇಡಿ. ತೆರೆದ ಪಾತ್ರೆಯಲ್ಲಿ ಇಳಿಸಿದ ಕಳ್ಳು ಬೇಡ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಚೀಪಿದ ಅಡಕೆ ಹೆಕ್ಕುವವರು ಕೈಗವಸು ಹಾಕಿ, ಆಮೇಲೆ ಕೈ ತೊಳೆಯಿರಿ. ನಾವು ಹುಡುಗರಾಗಿದ್ದಾಗ ಹೆಕ್ಕಿದ ಹಾಗೆ ಈಗಿನ ಮಕ್ಕಳನ್ನು ಕಳುಹಿಸಬೇಡಿ.

ಹಾಗಾದರೆ ಮರ ಕಡಿದು ಓಡಿಸಿದರಾಯಿತಲ್ಲ ಎಂದು ಹೇಳುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಹೆಂಡ್ರಾ ಎಂಬ ವೈರಸ್ ಇದೆ, ನಿಪಾದ ಹತ್ತಿರದ ಸಂಬಂಧಿ. ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯನಿಗೆ ಬರುತ್ತದೆ. ಅಲ್ಲಿನ ವಿಜ್ಞಾನಿಗಳು 25 ವರ್ಷಗಳ ಲೆಕ್ಕವನ್ನು ಜೋಡಿಸಿ 2022ರಲ್ಲಿ ತೋರಿಸಿಕೊಟ್ಟರು: ಚಳಿಗಾಲದಲ್ಲಿ ಹೂ ಬಿಡುವ ಕಾಡು ಹೋದಂತೆಲ್ಲ ಹಸಿದ ಬಾವಲಿಗಳು ಚಿಕ್ಕ ಚಿಕ್ಕ ಗುಂಪಾಗಿ ಹೊಲಗದ್ದೆಗಳ ನಡುವೆ ಬಂದು ಸೇರಿದವು, ರೋಗ ದಾಟಿದ್ದು ಆಗ. ಉಳಿದ ಕಾಡಿನಲ್ಲಿ ಹೂ ಚೆನ್ನಾಗಿ ಬಿಟ್ಟ ಚಳಿಗಾಲಗಳಲ್ಲಿ ಅವು ಅತ್ತ ಹೋದವು, ಆ ವರ್ಷ ರೋಗ ದಾಟಲಿಲ್ಲ. ಮರ ಕಡಿದರೆ ಬಾವಲಿ ಸಾಯುವುದಿಲ್ಲ, ನಿಮ್ಮ ಅಂಗಳದ ಚಿಕ್ಕು ಮರಕ್ಕೆ ಬರುತ್ತದೆ. ಅದು ದೂರದ ಬನದಲ್ಲೇ ಹೊಟ್ಟೆ ತುಂಬಿ ಇರುವುದು ನಮಗೂ ಕ್ಷೇಮ.

ಇದಕ್ಕೇ ದತ್ತು ಸಾಂಕೇತಿಕವಾಗಿಯೇ ಇರಬೇಕು ಎನ್ನುತ್ತೇನೆ. ಮುಟ್ಟಬಾರದು, ಸಾಕಬಾರದು, ಹತ್ತಿರ ಹೋಗಿ ಫೋಟೊ ತೆಗೆಯಬಾರದು. ದೂರದಿಂದ ಪಾಲುದಾರರಾಗಬೇಕು. ನಾಗಬನಕ್ಕೆ ವರ್ಷಕ್ಕೊಮ್ಮೆ ತಂಬಿಲ ಕೊಟ್ಟು, ಉಳಿದ ದಿನ ಕತ್ತಿ ಹಿಡಿದು ಒಳಗೆ ಕಾಲಿಡದೆ ಬಿಡುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಕ್ರಮ ಹೀಗೆ. ಒಂದು ಪಾಲಿಗೆ ಒಂದು ತಿರುಗಾಟದ ಕಾಲಕ್ಕೆ 300 ರೂಪಾಯಿ. ಮಕ್ಕಳು ತರಗತಿಯಾಗಿ ಸೇರಿ ಒಂದು ಪಾಲು ತೆಗೆದುಕೊಳ್ಳಬಹುದು. ನೀವು ದತ್ತು ತೆಗೆದುಕೊಳ್ಳುವುದು ಒಂದು ಬಾವಲಿಯನ್ನಲ್ಲ, ಒಂದು ನೆಲೆಯನ್ನು. ಈ ಬಗ್ಗೆ ನಾನು ಬಹಳ ಯೋಚಿಸಿದೆ. ಮರದಲ್ಲಿ ತೂಗುವ ನೂರಾರರಲ್ಲಿ ‘ಇದು ನಿಮ್ಮದು’ ಎಂದು ತೋರಿಸಿ ಹಣ ಪಡೆದರೆ ಅದು ಸುಳ್ಳಾಗುತ್ತದೆ. ಮಗು ನಾಳೆ ಬಂದು ನನ್ನ ಬಾವಲಿ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ? ಈ ಸುರಂಗದ ಬಳಗ, ಆ ಆಲದ ಬಳಗ ಎಂದು ಹೆಸರಿಡೋಣ. ಹೆಸರನ್ನು ಆ ನೆಲೆಯ ಹತ್ತಿರದ ಶಾಲೆಯ ಮಕ್ಕಳೇ ಆರಿಸಲಿ. ಪ್ರಮಾಣಪತ್ರ ಕನ್ನಡ, ತುಳು, ಮಲೆಯಾಳ ಮೂರರಲ್ಲೂ ಇರಲಿ. ಸಪ್ತಭಾಷೆಯ ನೆಲ ಎಂದು ವೇದಿಕೆಯಲ್ಲಿ ಹೇಳಿಕೊಳ್ಳುವ ನಾವು ಕಾಗದದಲ್ಲೂ ಅದನ್ನು ತೋರಿಸಬೇಕು.

ಹಣ ಎಲ್ಲಿಗೆ ಹೋಗುತ್ತದೆ? ಮೊದಲು ಸುರಂಗಕ್ಕೆ. ಕುಡಿಯುವ ನೀರಿನ ಸುರಂಗಗಳಲ್ಲಿ ಒರತೆಯ ಬುಡದಿಂದಲೇ ಪೈಪು ಎಳೆದು ಹೊರಗೆ ಮುಚ್ಚಿದ ಟಾಂಕಿಗೆ ಬಿಟ್ಟರೆ ಹಿಕ್ಕೆ ಬೀಳುವ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಬಲೆ ಬೇಕಾಗುವುದಿಲ್ಲ. ಆದರೂ ನೀರನ್ನು ಕುದಿಸಿಯೇ ಕುಡಿಯಿರಿ. ಬತ್ತಿದ ಸುರಂಗಗಳಿಗೆ ದನ, ಮಕ್ಕಳು ಹೋಗದಂತೆ ಬಾಗಿಲು ಬೇಕೆಂದರೆ ಅಡ್ಡ ಸಲಾಕೆಗಳ ಬಾಗಿಲು ಹಾಕಿಸೋಣ. ಸಲಾಕೆಗಳ ನಡುವೆ ಹೆಚ್ಚುಕಡಿಮೆ 15 ಸೆಂಟಿಮೀಟರ್ ಎಡೆ. ಹುಳ ತಿನ್ನುವ ಬಾವಲಿಗಳು ಅದರಲ್ಲಿ ನುಸುಳಬಲ್ಲವು. ಆದರೂ ಕಬ್ಬಿಣ ಕೂರಿಸುವ ಮೊದಲು ಬಿದಿರಿನ ಕಡ್ಡಿಗಳನ್ನು ಕಟ್ಟಿ ಕೆಲವು ವಾರ ನೋಡಬೇಕು, ಹೊರಡುವ ಲೆಕ್ಕ ಕುಸಿದರೆ ತೆಗೆದುಬಿಡಬೇಕು. ಒಳಗೆ ಹಣ್ಣುಬಾವಲಿ ಇದ್ದರೆ ಬಾಗಿಲೇ ಬೇಡ, ಸುತ್ತ ಬೇಲಿ ಸಾಕು. ನನ್ನ ಬಲೆಯ ತಪ್ಪನ್ನು ಕಬ್ಬಿಣದಲ್ಲಿ ಮಾಡುವುದು ಬೇಡ.

ಎರಡನೆಯದು ಮರದ ಒಡೆಯರಿಗೆ. ದೊಡ್ಡ ಮರಕ್ಕೆ ವ್ಯಾಪಾರಿ ಬೆಲೆ ಕಟ್ಟಿ ನಿಂತಾಗ, ಮಗಳ ಮದುವೆ ಎದುರಿಗಿರುವಾಗ, ಬಾವಲಿಗಾಗಿ ಬಿಡಿ ಎಂದು ಬರಿಬಾಯಲ್ಲಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಮರ ನಿಂತ ಪ್ರತಿ ವರ್ಷಕ್ಕೂ ಒಂದು ಗೌರವಧನ ಕೊಡೋಣ. ಮರದ ಪೂರ್ತಿ ಬೆಲೆ ನಮ್ಮಿಂದಾಗದು, ಆದರೆ ಊರು ನೆನೆಯುತ್ತಿದೆ ಎಂದು ಗೊತ್ತಾದರೆ ಕೈ ತಡೆಯುತ್ತದೆ.

ಮೂರನೆಯದು ಹಣ್ಣು ಬೆಳೆಗಾರರಿಗೆ ಸಣ್ಣ ಕಣ್ಣಿನ ಬಲೆ. ಮೀನು ಹಿಡಿಯುವ ತೆಳು ನೈಲಾನಿನಲ್ಲಿ ಸಿಕ್ಕಿಕೊಂಡು ಬಾವಲಿ ಮಾತ್ರವಲ್ಲ, ಗೂಬೆ, ಹಾವುಗಳೂ ಸಾಯುತ್ತವೆ. ಬಲೆಯ ಕಣ್ಣಿನಲ್ಲಿ ನಿಮ್ಮ ಬೆರಳು ತೂರಬಾರದು, ಬಣ್ಣ ಬಿಳಿ ಇರಬೇಕು, ಮರದ ಮೇಲೆ ಬಿಗಿಯಾಗಿ ಎಳೆದು ಕಟ್ಟಬೇಕು. ನಿಧಿಯಿಂದ ಕೊಂಡು, ಹಣ್ಣಿನ ಕಾಲಕ್ಕೆ ಎರವಲು ಕೊಟ್ಟು, ಮರಳಿ ಪಡೆಯೋಣ. ಉಳಿದದ್ದು ಅತ್ತಿ, ನೇರಳೆ, ರಂಜೆ, ಹೊನ್ನೆ ಸಸಿಗಳಿಗೆ. ಮರದ ಪೆಟ್ಟಿಗೆ ಮಾಡಿ ತೂಗುಹಾಕೋಣವೇ ಎಂದು ಕಳೆದ ವಾರ ಒಬ್ಬರು ಕೇಳಿದರು. ಅದು ಚಳಿದೇಶಗಳಲ್ಲಿ ಚೆನ್ನಾಗಿ ನಡೆಯುತ್ತದೆ. ನಮ್ಮ ಸೆಕೆಗೆ, ಇಷ್ಟು ಸುರಂಗಗಳಿರುವಲ್ಲಿ, ಅದಕ್ಕೆ ಹಣ ಹಾಕುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಗಲ್ಫಿನಲ್ಲಿರುವ ಮಕ್ಕಳಿಂದ ಹಣ ಪಡೆಯಬಹುದೇ ಎಂದು ಆಗಲೇ ಯಾರೋ ಚೀಟಿ ಕಳುಹಿಸಿದ್ದೀರಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ಮಾತ್ರ ನಾವು ಪಡೆಯುವಂತಿಲ್ಲ, ಅದಕ್ಕೆ ಬೇರೆಯೇ ಅನುಮತಿ ಬೇಕು. ಎಲ್ಲ ಹಣವೂ ವಾಚನಾಲಯದ ಖಾತೆಗೆ, ರಶೀದಿಯ ಮೇಲೆ. ನನ್ನ ಕೈಗೆ ಒಂದು ರೂಪಾಯಿಯೂ ಕೊಡಬೇಡಿ. ಪತ್ತನಾಜೆಯ ಮರುದಿನ ಇದೇ ಕೋಣೆಯಲ್ಲಿ ಲೆಕ್ಕ ಓದೋಣ: ಬಂದದ್ದೆಷ್ಟು, ಹೋದದ್ದೆಷ್ಟು, ಯಾವ ನೆಲೆಯಲ್ಲಿ ಎಷ್ಟು ಬಾವಲಿ. ಕಡಿಮೆಯಾಗಿದ್ದರೆ ಕಡಿಮೆಯೆಂದೇ ಓದಬೇಕು.

ಈ ತಿಂಗಳುಗಳನ್ನೇ ಏಕೆ ಆರಿಸಿದೆ ಎಂದರೆ, ದೊಡ್ಡ ಹಣ್ಣುಬಾವಲಿಗಳು ಮಳೆಗಾಲದಲ್ಲಿ ಕೂಡಿ, ಹೆಣ್ಣುಗಳು ಈಗ ಬಸುರಿ. ಸುಮಾರು ಐದು ತಿಂಗಳು ಹೊತ್ತು, ಶಿವರಾತ್ರಿಯ ಆಸುಪಾಸಿನಿಂದ ಹೆರುತ್ತವೆ. ವರ್ಷಕ್ಕೆ ಒಂದೇ ಮರಿ. ಮೊದಲ ವಾರಗಳಲ್ಲಿ ತಾಯಿ ಅದನ್ನು ಎದೆಗೆ ಕಚ್ಚಿಸಿಕೊಂಡೇ ಹಾರುತ್ತದೆ. ಇಲಿಯ ಹಾಗೆ ಹಿಂಡು ಹಿಂಡು ಹೆರುವ ಪ್ರಾಣಿ ಅಲ್ಲ ಇದು, ಒಂದು ರಾತ್ರಿಯ ಗದ್ದಲದಲ್ಲಿ ಕಳೆದುಕೊಂಡದ್ದು ಆ ವರ್ಷಕ್ಕೆ ಮರಳುವುದಿಲ್ಲ. ತಮಿಳುನಾಡಿನಲ್ಲಿ ಕೆಲವು ಹಳ್ಳಿಗಳಿವೆ, ತಮ್ಮ ಮರಗಳ ಬಾವಲಿಗಳು ಬೆದರುತ್ತವೆಂದು ದೀಪಾವಳಿಗೆ ಪಟಾಕಿಯನ್ನೇ ಹಚ್ಚುವುದಿಲ್ಲ. ಅಲ್ಲಿನ ಮಕ್ಕಳೂ ಮಕ್ಕಳೇ, ಅವರಿಗೂ ಆಸೆ ಇರುತ್ತದೆ. ನಾನು ಊರಿಡೀ ಪಟಾಕಿ ನಿಲ್ಲಿಸಿ ಎನ್ನುವುದಿಲ್ಲ. ಬನದ ಆಲದ ಸುತ್ತಿನ ಮನೆಗಳವರು, ಎದ್ದು ನೋಡಿದರೆ ಇಲ್ಲೇ ಹತ್ತು ಹನ್ನೆರಡು ಮನೆಯವರಿದ್ದೀರಿ, ಬಲೀಂದ್ರನನ್ನು ಕರೆಯುವ ಆ ಮೂರು ಸಂಜೆ ಬರಿಯ ಹಣತೆ ಹಚ್ಚಿ. ಅದು ನಿಮ್ಮ ಮೊದಲ ಪಾಲು ಎಂದು ಪುಸ್ತಕದಲ್ಲಿ ಬರೆಯುತ್ತೇನೆ, 300 ರೂಪಾಯಿ ಕೊಡದಿದ್ದರೂ ಸರಿ.

ಗಂಟೆ ಆರು ಕಳೆಯಿತು. ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ, ಪೆನ್ನು ಕಟ್ಟಿದ್ದೇನೆ. ಹೆಸರು ಬರೆಯುವುದನ್ನು ಬಂದ ಮೇಲೆ ಮಾಡೋಣ. ಈಗ ಎಲ್ಲರೂ ರಸ್ತೆ ದಾಟಿ ಗದ್ದೆಯ ಹುಣಿಯ ಮೇಲೆ ನಿಲ್ಲೋಣ, ಬನದ ಹತ್ತಿರ ಹೋಗುವುದು ಬೇಡ. ಟಾರ್ಚು, ಮೊಬೈಲ್ ಬೆಳಕು ಆರಿಸಿ. ಎಣಿಸಲು ಇಬ್ಬರು ಹುಡುಗರು ಮುಂದೆ ಬನ್ನಿ: ಒಬ್ಬ ಹತ್ತು ಹತ್ತಾಗಿ ಹೇಳಬೇಕು, ಇನ್ನೊಬ್ಬ ಗೀಟು ಎಳೆಯಬೇಕು. ಮೊದಲು ಹೊರಡುವುದು ಪಡುವಣದ ಕೊಂಬೆಯಿಂದ.